ಮಂಟೇಸ್ವಾಮಿಯ ಹಲಗೆಯಲ್ಲಿ ಎರಡನೇ ಹಾಡು

ಹನೂರು ಬಸ್ ಸ್ಟ್ಯಾಂಡಿನ ಎದುರಿಗೆ, ಜೆರಾಕ್ಸ್ ಅಂಗಡಿಗೂ ಬೋಂಡಾ ಅಂಗಡಿಗೂ ನಡುವೆ, ಒಬ್ಬ ಮನುಷ್ಯ ಉದ್ದಕ್ಕೆ ಮಲಗಿದರೆ ಕಾಲು ರಸ್ತೆಗೆ ಬರುವಷ್ಟು ಸಣ್ಣ ಮಳಿಗೆಯೊಂದುಂಟು. ಅದರೊಳಗೆ ಇಪ್ಪತ್ತೆಂಟು ವರ್ಷದಿಂದ ಮಂಟೇಸ್ವಾಮಿ ಕೂತಿದ್ದಾನೆ. ಕೂತು ಕೂತು ಕುರ್ಚಿ ಅವನ ಆಕಾರಕ್ಕೆ ಬಂದಿದೆಯೋ, ಅವನೇ ಕುರ್ಚಿಯ ಆಕಾರಕ್ಕೆ ಬಂದಿದ್ದಾನೋ ಹೇಳೋದು ಕಷ್ಟ. ಹೊಟ್ಟೆ ಮಾತ್ರ ಯಾರ ಮಾತೂ ಕೇಳದೆ ಮುಂದಕ್ಕೆ ಹೋಗಿದೆ.

ಕಸುಬು ಹಾಡು ತುಂಬೋದು. ಮೊದಲು ಕ್ಯಾಸೆಟ್ಟಿಗೆ ತುಂಬಿದ, ಆಮೇಲೆ ಸಿಡಿಗೆ, ಈಗ ಪೆನ್‌ಡ್ರೈವಿಗೆ. ಎಲ್ಲರ ಜೇಬಲ್ಲೂ ಫೋನಿರುವಾಗ ಇವನ ಹತ್ತಿರ ಯಾರಪ್ಪ ಬರ್ತಾರೆ ಅನ್ನಬೇಡಿ. ಕೌದಳ್ಳಿ ದಾಟಿ ಬೆಟ್ಟದ ಕಾಡು ಹತ್ತಿದ ಮೇಲೆ ಸಿಗ್ನಲ್ ಇರೋದಿಲ್ಲ, ಆನೆ ಇರ್ತವೆ. ಬಸ್ಸಿನ ಡ್ರೈವರು, ಟೆಂಪೋದವರು, ಅರಿಶಿನ ಸಾಗಿಸೋ ಟ್ರ್ಯಾಕ್ಟರಿನವರು, ಎಲ್ಲರಿಗೂ ಪೆನ್‌ಡ್ರೈವ್ ಬೇಕೇ ಬೇಕು. ಹಾಡಿಲ್ಲದೆ ಆ ತಿರುವುಗಳಲ್ಲಿ ಗಾಡಿ ಓಡಿಸಿದರೆ ಪ್ಯಾಸೆಂಜರುಗಳು ವಾಂತಿ ಮಾಡ್ಕೊಳ್ತಾರೆ ಅಂತ ಡ್ರೈವರುಗಳ ನಂಬಿಕೆ. ಹಾಡು ಹಾಕಿದರೂ ಮಾಡ್ಕೊಳ್ತಾರೆ. ಆದರೆ ಆಗ ತಾಳಕ್ಕೆ ಸರಿಯಾಗಿ.

ಮಳಿಗೆಯ ಬಾಗಿಲಿಗೆ ಒಂದು ಹಲಗೆ ನೇತಾಡ್ತದೆ. ಹಳೇ ಕೇರಂ ಬೋರ್ಡಿನ ಬೆನ್ನಿಗೆ ಕಪ್ಪು ಬಣ್ಣ ಬಳಿದದ್ದು. ಅದರ ಮೇಲೆ ಸೀಮೆಸುಣ್ಣದಲ್ಲಿ, 'ಈ ವಾರದ ಹತ್ತು ಹಾಡು'. ಕೊಳ್ಳೇಗಾಲದಿಂದ ಬರೋ ಬಸ್ಸಾಗಲಿ, ಮಾರ್ಟಳ್ಳಿಯಿಂದ ಬರೋ ಬಸ್ಸಾಗಲಿ, ಡ್ರೈವರು ಮೊದಲು ಹಲಗೆ ನೋಡಿ ಆಮೇಲೆ ಟೀ ಕುಡಿಯೋದು. ಹಲಗೆಯಲ್ಲಿ ಹತ್ತಿದ ಹಾಡು ನಾಳೆ ಇಪ್ಪತ್ತು ಬಸ್ಸಿನಲ್ಲಿ ಕೂಗ್ತದೆ. ಇಳಿದ ಹಾಡನ್ನ ಅದನ್ನ ಹಾಡಿದವನ ತಾಯಿಯೂ ಕೇಳೋದಿಲ್ಲ.

ಈ ಹಲಗೆಗೆ ಮಂಟೇಸ್ವಾಮಿ ಮಾಡಿಟ್ಟಿರೋ ಕಾನೂನು ತಾಲ್ಲೂಕು ಆಫೀಸಿಗಿಂತ ಬಿಗಿ. ಹಾಡು ಬೇಕು ಅಂದೋನು ಒಳಗಿರೋ ಮರದ ಸ್ಟೂಲಿನ ಮೇಲೆ ಕೂತು, ಎರಡು ಸಾಲು ತನ್ನ ಬಾಯಿಂದ ಗುನುಗಬೇಕು. ಗುನುಗಿದರೆ ಆ ಹಾಡಿನ ಲೆಕ್ಕಕ್ಕೆ ಒಂದು ಗೀಟು. ಹೆಸರು ಹೇಳಿದರೆ ಹಾಡು ತುಂಬಿಕೊಡ್ತಾನೆ, ಗೀಟು ಇಲ್ಲ. "ಎಸ್ರು ಯಾರ್ ಬೇಕಾದ್ರೂ ಏಳ್ತಾರೆ ಕಣ್ಲಾ. ಗಂಟ್ಲಿಗೆ ಇಳ್ದದಾ ಅಂತ ನೋಡ್ಬೇಕು" ಅಂತಾನೆ. ಒಬ್ಬನಿಗೆ ಒಂದು ಹಾಡಿಗೆ ವಾರಕ್ಕೆ ಒಂದೇ ಗೀಟು. ಹುಡುಗಿ ಕೈಕೊಟ್ಟಳು ಅಂತ ಒಂದೇ ಹಾಡನ್ನ ಒಂಬತ್ತು ಸಲ ಅಳ್ತಾ ಗುನುಗಿದವನಿಗೂ ಒಂದೇ. ಕುಡಿದು ಬಂದವನಿಗೆ ಅರ್ಧ ಗೀಟು. ಮಾರ್ಟಳ್ಳಿ ಕಡೆಯವರು ತಮಿಳು ಹಾಡು ಗುನುಗಿದರೆ ಪೂರ್ತಿ ಗೀಟು, ಗುನುಗೋದಕ್ಕೆ ಭಾಷೆ ಯಾಕೆ? ಬೋಂಡಾ ಕೊಡಿಸಿದವರ ಗೀಟು ಸ್ವಲ್ಪ ದಪ್ಪ ಬೀಳ್ತದೆ ಅಂತ ಆಡಿಕೊಳ್ಳೋರಿದ್ದಾರೆ. ಅದು ಸುಳ್ಳು. ಚಟ್ನಿಯೂ ಇರಬೇಕು.

ಇನ್ನೊಂದು ಕಾನೂನು ಎಲ್ಲಕ್ಕಿಂತ ದೊಡ್ಡದು. ಹಲಗೆಯ ಮೊದಲನೇ ಸಾಲು ಯಾವತ್ತೂ ಬೆಟ್ಟದ ದೇವರದ್ದು, 'ಮಾದಪ್ಪನ ಹಾಡು'. ಅದನ್ನ ಅಳಿಸೋ ಹಾಗಿಲ್ಲ, ಎಣಿಸೋ ಹಾಗೂ ಇಲ್ಲ. ಹಲಗೆ ಹಾಕಿದ ಹೊಸತರಲ್ಲಿ ಯಾವುದೋ ಸಿನಿಮಾ ಹಾಡು ಮೇಲಕ್ಕೆ ಹೋಗಿ ಮಾದಪ್ಪ ಎರಡಕ್ಕೆ ಇಳಿದಿದ್ದ. ಬೆಟ್ಟಕ್ಕೆ ನಡೆದು ಹೊರಟಿದ್ದ ಒಬ್ಬ ಮುದುಕಿ ಅದನ್ನ ಯಾರಿಂದಲೋ ಓದಿಸಿ ಕೇಳಿ, ಹಲಗೆಯನ್ನ ಗೋಡೆಗೆ ಮುಖ ಮಾಡಿ ತಿರುಗಿಸಿ, "ಈಗ ನೀನೂ ತಿರುಕ್ಕಂಡು ಕೂತ್ಕೋ" ಅಂದು ಹೋದಳು. ಅವತ್ತಿಂದ ಹಾಡುಗಳ ಜಗಳವೆಲ್ಲ ಎರಡನೇ ಜಾಗಕ್ಕೆ. ಹನೂರಿನಲ್ಲಿ ಎರಡು ಅಂದರೆ ಗೆದ್ದಂಗೆ.

ಅವನ ತಂಗಿಯ ಮಗಳು ಪವಿತ್ರ ಕೊಳ್ಳೇಗಾಲದ ಕಾಲೇಜಿಗೆ ಹೋಗೋಳು. ಬಸ್ಸು ತಪ್ಪಿದ ದಿನವೆಲ್ಲ ಮಾವನ ಮಳಿಗೆಯಲ್ಲಿ ಕೂತು ಹಲಗೆಗೆ ನಗೋದೇ ಕೆಲಸ.

"ಮಾವ, ಫೋನಲ್ಲಿ ಇಡೀ ಪ್ರಪಂಚದ ಪಟ್ಟಿ ದಿನಾ ಬರುತ್ತೆ. ಕೋಟಿಗಟ್ಲೆ ಜನ ಕೇಳಿದ್ದನ್ನ ಮಿಷಿನ್ನೇ ಎಣಿಸುತ್ತೆ. ನೀನು ಸೀಮೆಸುಣ್ಣ ಇಟ್ಕೊಂಡು ಕೂತಿದೀಯ."

"ಎಂಗೆ ಎಣ್ಸದು ಅದು?"

"ಹಾಡು ಹಾಕಿ ಅರ್ಧ ನಿಮಿಷವಾದ್ರೂ ಕೇಳಿದ್ರೆ ಒಂದು ಅಂತ ಲೆಕ್ಕ. ಅದಕ್ಕೆ ಮೊದಲೇ ಮುಂದಕ್ಕೆ ತಳ್ಳಿದ್ರೆ ಇಲ್ಲ. ಒಂದೇ ಫೋನು ಒಂದೇ ಹಾಡನ್ನ ಹಗಲೂ ರಾತ್ರಿ ತಿರುಗಿಸ್ತಿದ್ರೆ ಕಳ್ಳಾಟ ಅಂತ ಕಿತ್ತು ಹಾಕುತ್ತೆ. ಕೆಲವು ಪಟ್ಟೀಲಿ ದುಡ್ಡು ಕಟ್ಟಿ ಕೇಳೋರದಕ್ಕೆ ತೂಕ ಜಾಸ್ತಿ."

ಮಂಟೇಸ್ವಾಮಿ ಹೊಟ್ಟೆ ಕುಲುಕಿಸಿ ನಕ್ಕ. "ನನ್ ಕಾನೂನ್ನೇ ಕದ್ದವ್ರೆ ಕಣವ್ವ. ದುಡ್ಡು ಕಟ್ದೋರ್ಗೆ ತೂಕ ಅಂದ್ರೆ ಬೋಂಡಾ ತಾನೆ? ಅದ್ಸರಿ, ಕುಡ್ದೋರ್ಗೆ ಅರ್ಧ ಮಾಡವ್ರಾ?"

"ಫೋನಿಗೆ ಕುಡಿದಿರೋದು ಹೆಂಗ್ ಗೊತ್ತಾಗುತ್ತೆ ಮಾವ?"

"ಮತ್ತೆ! ಇನ್ನೂ ಕಲೀಬೇಕು ಅವ್ರು."

ಹೀಗಿರುವಾಗ ಮಳಿಗೆಯ ಮಾಲೀಕ ನಂಜಯ್ಯನಿಗೆ ಹಾಡಿನ ಹುಚ್ಚು ಹಿಡೀತು. ನಂಜಯ್ಯ ಪಕ್ಕದ ಹಳ್ಳಿಯವನು. ನಾಲ್ಕು ಮಳಿಗೆ, ಹತ್ತೆಕರೆ ಅರಿಶಿನ, ಒಂದು ಸಲ ಗೆದ್ದು ಒಂದು ಸಲ ಸೋತ ಪಂಚಾಯ್ತಿ ಮೆಂಬರಿಕೆ, ಇಷ್ಟು ಆಸ್ತಿ. ಗೆದ್ದ ಕಾಲದಲ್ಲಿ ಊರ ಮುಂದೆ ನೀರಿನ ಟ್ಯಾಂಕಿ ಕಟ್ಟಿಸಿ, ಮೈಲಿ ದೂರಕ್ಕೆ ಕಾಣೋ ಹಾಗೆ ಅದರ ಮೇಲೆ ತನ್ನ ಹೆಸರು ಬರೆಸಿದ್ದ. ನೀರು ಮಾತ್ರ ಇನ್ನೂ ಹತ್ತಿಲ್ಲ. ಮತ್ತೆ ಎಲೆಕ್ಷನ್ ಹತ್ತಿರ ಬಂತು ಅಂತ ಯಾರನ್ನೋ ಹಿಡಿದು ತನ್ನ ಮೇಲೆ ಒಂದು ಹಾಡು ಮಾಡಿಸಿದ:

ಸೀಮೆಗೆಲ್ಲ ಸಿಂಹ ನಮ್ಮ ನಂಜಯ್ಯ
ಸಾಟಿ ಯಾರು ನಿನಗೆ ಹೇಳಯ್ಯ

ಹಾಡನ್ನ ಫೋನಿಗೆ ಬಿಟ್ಟ. ನೆಂಟರ ಫೋನು, ಆಳುಗಳ ಫೋನು ಎಲ್ಲ ಸೇರಿಸಿ ಅಟ್ಟದ ಮೇಲೆ ಸಾಲಾಗಿ ಚಾರ್ಜಿಗೆ ಹಾಕಿ ಎಂಟು ದಿನ ತಿರುಗಿಸಿದ. ಫೋನುಗಳು ದೋಸೆ ಹಂಚಿನ ಹಾಗೆ ಕಾದವು. ಹಾಡು ಯಾವ ಪಟ್ಟಿಯ ಬಾಲಕ್ಕೂ ಹತ್ತಲಿಲ್ಲ. ಪವಿತ್ರ ಹೇಳಿದ ಕಳ್ಳಾಟ ಇದೇ. ಆಗ ನಂಜಯ್ಯನಿಗೆ ತನ್ನದೇ ಮಳಿಗೆಯ ಹಲಗೆ ನೆನಪಾಯ್ತು. ಇಪ್ಪತ್ತು ಬಸ್ಸಿನಲ್ಲಿ ತನ್ನ ಹಾಡು ಕೂಗಿದರೆ ಯಾವ ಫೋನು ಬೇಕು?

ಬಂದು ನಿಂತ. "ಏನ್ಲಾ ಮಂಟ, ಇನ್ನೊಂದು ವಾರಕ್ಕೆ ಸಂತೆ. ಅವತ್ತು ನನ್ ಹಾಡು ಹಲಗೆ ಮ್ಯಾಲೆ ಇರ್ಬೇಕು."

"ಜನ ಗುನುಗಿದ್ರೆ ಇರ್ತದೆ ಸಾ."

"ಗುನುಗ್ದೇ ಇದ್ರೆ?"

"ಇರಕಿಲ್ಲ ಸಾ."

ನಂಜಯ್ಯ ಮಳಿಗೆಯ ಗೋಡೆ ತಟ್ಟಿ ನೋಡಿದ, ಎಮ್ಮೆ ಬೆನ್ನು ತಟ್ಟಿದ ಹಾಗೆ. "ಜೆರಾಕ್ಸಿನೋನು ಇದ್ನೂ ಸೇರುಸ್ಕತೀನಿ ಅಂತವ್ನೆ. ಸಂತೆ ದಿನ ಹಲಗೇಲಿ ನನ್ ಹಾಡಿಲ್ದೆ ಇದ್ರೆ ನೀನು ಸ್ಟೂಲು ತಕಂಡು ಎಲ್ಲಿಗ್ ಬೇಕಾದ್ರೂ ಓಗು."

ಮಾರನೇ ದಿನ ಗೂಡ್ಸ್ ಆಟೋದಲ್ಲಿ ಇಪ್ಪತ್ತೆರಡು ಜನ ಹೆಂಗಸರು ಬಂದಿಳಿದರು. ನಂಜಯ್ಯನ ಅರಿಶಿನದ ಹೊಲದಲ್ಲಿ ಕಳೆ ಕೀಳೋರು. ಅವರ ಮುಂದಾಳು ಕೆಂಪಾಜಮ್ಮ. ಅರವತ್ತು ವರ್ಷ, ಬಾಯಲ್ಲಿ ಎಲೆಯಡಿಕೆ, ಮಾತಿನಲ್ಲಿ ಸುಣ್ಣ ಜಾಸ್ತಿ. ಆಕೆಯೇ ಮೊದಲು ಸ್ಟೂಲಿನ ಮೇಲೆ ಕೂತಳು.

"ಯಾವ ಹಾಡವ್ವ?"

"ನಂಜಯ್ಯನ್ದು."

"ಎರಡು ಸಾಲು ಗುನುಗು."

ಕೆಂಪಾಜಮ್ಮ ಸೂರು ನೋಡಿದಳು, ಫ್ಯಾನು ನೋಡಿದಳು. "ಅದ್ರಲ್ಲಿ ನಂಜಯ್ಯ ಅಂತ ಬತ್ತದೆ ಕಣಪ್ಪ."

"ಅದು ಗ್ಯಾಸ್ ಬುಕ್ಕಲ್ಲೂ ಬತ್ತದೆ. ರಾಗ ಬೇಕು."

ಇಪ್ಪತ್ತೆರಡು ಜನರಲ್ಲಿ ಒಬ್ಬಳಿಗೂ ರಾಗ ಬರಲಿಲ್ಲ. ಒಬ್ಬಳು ಲಾಲಿ ಹಾಡಿದಳು. ಇನ್ನೊಬ್ಬಳು ನಾಚಿಕೊಂಡು ಯಾವುದೋ ತಮಿಳು ಡ್ಯುಯೆಟ್ ಗುನುಗಿ, ತನಗೇ ಗೊತ್ತಿಲ್ಲದೆ ಅದಕ್ಕೊಂದು ಗೀಟು ಹಾಕಿಸಿ ಹೋದಳು. ಎಲ್ಲರೂ ಬೋಂಡಾ ತಿಂದು ಆಟೋ ಹತ್ತಿದರು.

ಅವತ್ತು ಮಧ್ಯಾಹ್ನ ಮಂಟೇಸ್ವಾಮಿಗೆ ಊಟ ಸೇರಲಿಲ್ಲ. ಐವತ್ತೈದನೇ ವಯಸ್ಸಿನಲ್ಲಿ ಸ್ಟೂಲು ಹೊತ್ತುಕೊಂಡು ಎಲ್ಲಿಗೆ ಹೋಗೋದು? ಸೀಮೆಸುಣ್ಣ ಎತ್ತಿಕೊಂಡ. ಹಲಗೆಯ ಎರಡನೇ ಸಾಲು ಅಳಿಸಿ 'ಸೀಮೆ' ಅಂತ ಬರೆದ. ಬೆಟ್ಟದ ಬಸ್ಸಿನ ಡ್ರೈವರ್ ಪರಮೇಶ ಟೀ ಲೋಟ ಹಿಡಿದು ಬಂದು ಓದಿ, "ಓ, ಹೊಸದಾ? ಜನ ಕೇಳ್ತಾವ್ರಾ ಮಂಟಣ್ಣ? ನೀನು ಬರ್ದೀಯ ಅಂದ್ರೆ ಮುಗೀತು, ತುಂಬು" ಅಂತ ಪೆನ್‌ಡ್ರೈವ್ ಚಾಚಿದ. ಆ 'ಮುಗೀತು' ಅನ್ನೋ ಮಾತು ಮಂಟೇಸ್ವಾಮಿಗೆ ಒಂದು ಹಿಡಿ ಉಪ್ಪು ತಿಂದ ಹಾಗಾಯ್ತು. ಅಂಗೈಯಿಂದ 'ಸೀಮೆ' ಒರೆಸಿದ. "ಇಲ್ಲ ಕಣ್ಲಾ. ಕೈ ಜಾರ್ತು."

ಇತ್ತ ನಂಜಯ್ಯ ಬಿಡಲಿಲ್ಲ. ಗುನುಗೋದು ತಾನೇ, ಕಲಿಸಿದರಾಯ್ತು ಅಂತ ಹೊಲದ ಪಂಪ್‌ಸೆಟ್ ಮನೆಯ ಮೇಲೆ ಸ್ಪೀಕರ್ ಕಟ್ಟಿಸಿದ. ಬೆಳಗಿನಿಂದ ಸಂಜೆವರೆಗೆ 'ಸೀಮೆಗೆಲ್ಲ ಸಿಂಹ'. ಮೂರು ದಿನ. ಕೊಕ್ಕರೆಗಳು ಪಕ್ಕದ ಹೊಲಕ್ಕೆ ಹೋದವು. ಹೆಂಗಸರು ಹೋಗೋ ಹಾಗಿರಲಿಲ್ಲ.

ಆದರೆ ಸೊಂಟ ಬಗ್ಗಿಸಿ ಕಳೆ ಕೀಳೋರ ಕಿವಿಗೆ ಒಂದು ರಾಗ ಬಿದ್ದರೆ ಅದು ಬಿದ್ದ ಹಾಗೇ ಇರ್ತದೆಯೇ? ಒಬ್ಬಳು ಸಾಲು ಕಟ್ಟಬೇಕು, ಉಳಿದವರು ಎತ್ತಿಕೊಳ್ಳಬೇಕು. ಅದು ಆ ಸೀಮೆಯ ಹೊಲಗಳ ರೂಢಿ. ಎರಡನೇ ದಿನ ಹೊತ್ತು ನೆತ್ತಿಗೇರಿದಾಗ ಕುಡಿಯೋ ನೀರಿನ ಕೊಡ ಖಾಲಿಯಾಯ್ತು. ಕೆಂಪಾಜಮ್ಮ ದೂರದ ಟ್ಯಾಂಕಿ ನೋಡಿದಳು, ಎಲೆಯಡಿಕೆ ಉಗಿದಳು, ಸ್ಪೀಕರಿನ ರಾಗಕ್ಕೇ ಸರಿಯಾಗಿ ಎತ್ತಿದಳು:

ಟ್ಯಾಂಕಿ ಮ್ಯಾಲೆ ನಿನ್ನೆಸ್ರು ನಂಜಯ್ಯ
ನಲ್ಲಿ ಬುಟ್ರೆ ಗಾಳಿ ಬತ್ತದಯ್ಯ

ಇಪ್ಪತ್ತೊಂದು ಗಂಟಲು ಅದನ್ನ ಎತ್ತಿಕೊಂಡವು. ಸಂಜೆಗೆ ನಾಲ್ಕು ಹಳ್ಳಿಗೆ ಹೋಯ್ತು. ಮೂರನೇ ದಿನ ಸ್ಕೂಲು ಮಕ್ಕಳ ಬಾಯಲ್ಲಿ, ನಾಲ್ಕನೇ ದಿನ ಯಳಂದೂರಿನ ನೆಂಟರ ಮನೆಯ ಬೀಗರೂಟದಲ್ಲಿ.

ಐದನೇ ದಿನ ಆಟೋ ಮತ್ತೆ ಬಂತು. ಕೆಂಪಾಜಮ್ಮ ಸ್ಟೂಲಿನಲ್ಲಿ ಕೂತು, ತುಟಿ ಮುಚ್ಚಿ, ಮೂಗಿನಲ್ಲೇ ಎರಡು ಸಾಲು ಗುನುಗಿದಳು. ಒಂದು ಸ್ವರ ಆಚೀಚೆ ಇಲ್ಲ. ಇಪ್ಪತ್ತೆರಡು ಜನರದ್ದೂ ಹಾಗೇ. ಅವರ ಹಿಂದೆ ಯಾರೂ ಕರೆಯದೆ ಇದ್ದವರೂ ಬಂದರು: ಆಟೋದವರು, ಹೂವಿನವರು, ಕೊನೆಗೆ ಜೆರಾಕ್ಸಿನವನೂ. ಗುನುಗೋವಾಗ ಎಲ್ಲರ ಭುಜ ಯಾಕೆ ಕುಲುಕ್ತಿತ್ತು ಅನ್ನೋದು ಮಂಟೇಸ್ವಾಮಿಗೆ ಪರಮೇಶ ಬಾಯಿಬಿಟ್ಟು ಹಾಡಿದಾಗ ಗೊತ್ತಾಯ್ತು.

"ಕೆಂಪಾಜಮ್ಮ, ಇದೇನವ್ವ ಮಾಡ್ಬುಟ್ಟೆ? ಆ ಅಯ್ಯಂಗೆ ಗೊತ್ತಾದ್ರೆ ನನ್ನ ಸ್ಟೂಲು ಬೀದೀಲಿರ್ತದೆ."

"ನಿನ್ ಕಾನೂನಲ್ಲಿ ರಾಗ ತಾನೆ ಕೇಳದು? ರಾಗ ಅವ್ನ್ದೇ. ಗೀಟಾಕು."

ಗೀಟು ಹಾಕಿದ. ಸಂತೆಯ ಬೆಳಿಗ್ಗೆ ಎಣಿಸಿದರೆ ನೂರ ಹದಿನಾಲ್ಕೂವರೆ. ಅಷ್ಟು ಗೀಟು ಹಲಗೆಯ ಇಪ್ಪತ್ತೆಂಟು ವರ್ಷದಲ್ಲಿ ಯಾವ ಹಾಡಿಗೂ ಬಿದ್ದಿರಲಿಲ್ಲ. ಮಾದಪ್ಪನ ಕೆಳಗೆ ಬರೆದ: ನಂಜಯ್ಯನ ಹಾಡು.

ಹತ್ತು ಗಂಟೆಗೆ ನಂಜಯ್ಯ ಇಸ್ತ್ರಿ ಪಂಚೆಯಲ್ಲಿ ಬಂದ. ಸಂತೆಯ ಜನ, ಡ್ರೈವರುಗಳು, ಹೆಂಗಸರು ಎಲ್ಲ ದಾರಿ ಬಿಟ್ಟು ನಿಂತರು. ಹಲಗೆ ಓದಿ ಅವನ ಮುಖ ಅರಳ್ತು.

"ಮಾದಪ್ಪನ್ ಬುಟ್ರೆ ನಾನೇ!" ಅಂತ ಫೋಟೋ ತೆಗೆಸಿಕೊಂಡ. ಅಲ್ಲಿಗೆ ಹೋಗಿಬಿಟ್ಟಿದ್ದರೆ ಕತೆ ಮುಗೀತಿತ್ತು. "ಎಲ್ಲಾರ್ದೂ ಆಯ್ತು, ನಂದೊಂದು ಗೀಟು ಬ್ಯಾಡ್ವಾ?" ಅಂತ ಒಳಗೆ ಬಂದು ಸ್ಟೂಲಿನ ಮೇಲೆ ಕೂತೇಬಿಟ್ಟ.

"ಬ್ಯಾಡಿ ಸಾ, ನಿಮ್ದು ಸುಮ್ನೆ ಆಕ್ಬುಡ್ತೀನಿ" ಅಂದ ಮಂಟೇಸ್ವಾಮಿ. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ತಾನೇ ತನ್ನ ಕಾನೂನು ಮುರಿಯೋಕೆ ಹೊರಟಿದ್ದ.

"ಏಯ್, ಕಾನೂನು ಕಾನೂನೇ."

ನಂಜಯ್ಯ ಕಣ್ಣು ಮುಚ್ಚಿದ. ತೊಡೆ ತಟ್ಟಿ ತಾಳ ಹಿಡಿದ. ರಾಗ ಚೆನ್ನಾಗೇ ಬಂತು. ಉಮೇದು ಹೆಚ್ಚಾಗಿ ಗುನುಗು ಬಿಟ್ಟು ಗಂಟಲು ತೆಗೆದ:

"ಟ್ಯಾಂಕಿ ಮ್ಯಾಲೆ ನಿನ್ನೆಸ್ರು ನಂಜಯ್ಯ... ನಲ್ಲಿ ಬುಟ್ರೆ..."

ಬೋಂಡಾ ಅಂಗಡಿಯ ಜಾಲರಿ ಎಣ್ಣೆಯ ಮೇಲೆ ನಿಂತಲ್ಲೇ ನಿಂತಿತು. ನಂಜಯ್ಯ ಕಣ್ಣು ತೆರೆದ. ತನ್ನ ಬಾಯಿಂದ ಬಂದದ್ದು ತನ್ನ ಕಿವಿಗೆ ತಲುಪೋದಕ್ಕೆ ಸ್ವಲ್ಪ ಹೊತ್ತು ಹಿಡೀತು.

"ಇದು... ಬೆಳಿಗ್ಗೆ ನಮ್ ಬಸವಮ್ಮ ರೊಟ್ಟಿ ತಟ್ಟುವಾಗ..." ಅಂದ. ಹೆಂಡತಿ ಮೂರು ದಿನದಿಂದ ತನ್ನ ಹಾಡು ಹಾಡ್ತಿದಾಳೆ ಅಂತ ಒಳಗೊಳಗೇ ಹಿಗ್ಗಿದ್ದ ಪಾಪ. ಹಿಗ್ಗಿನಲ್ಲಿ ಮಾತಿನ ಕಡೆ ಕಿವಿ ಕೊಟ್ಟಿರಲಿಲ್ಲ.

ಯಾರೂ ನಗಲಿಲ್ಲ. ಕೆಂಪಾಜಮ್ಮ ಸೆರಗು ಬಾಯಿಗೆ ತುರುಕಿಕೊಂಡು ಗೋಡೆ ಕಡೆ ತಿರುಗಿದಳು. ಮಂಟೇಸ್ವಾಮಿ ಸೀಮೆಸುಣ್ಣ ಹಿಡಿದೇ ನಿಂತಿದ್ದ. ಏನಾದರೂ ಹೇಳಬೇಕಲ್ಲ ಅಂತ ಹೇಳಿದ, "ಕುಡ್ದಿಲ್ಲ ತಾನೆ ಸಾ? ಅಂಗಾದ್ರೆ ಪೂರ್ತಿ ಗೀಟು."

ನಂಜಯ್ಯ ಎದ್ದ, ಪಂಚೆ ಕೊಡವಿದ, ಸಂತೆಯ ನಡುವೆ ನಡೆದು ಹೋದ.

ಮಳಿಗೆ ಖಾಲಿ ಮಾಡು ಅನ್ನೋ ಮಾತು ಮತ್ತೆ ಬರಲಿಲ್ಲ. ಬರೋದು ಹೇಗೆ? ಮಾಡು ಅಂದರೆ ಯಾಕೆ ಅಂತ ಹತ್ತು ಜನ ಕೇಳ್ತಾರೆ. ಯಾಕೆ ಅಂತ ಹೇಳಬೇಕಾದರೆ ಹಾಡು ಹೇಳಬೇಕಾಗ್ತದೆ. ಟ್ಯಾಂಕಿಗೆ ನೀರು ಬಂತಾ ಅಂತ ಕೇಳ್ತೀರಾ? ಇಲ್ಲ. ಹೆಸರಿನ ಮೇಲೆ ಸುಣ್ಣ ಬಳಿಸಿದ. ಹಾಡು ಐದು ವಾರ ಎರಡರಲ್ಲಿದ್ದು, ಒಂಬತ್ತಕ್ಕೆ ಇಳಿದು, ಎಲ್ಲ ಹಾಡಿನ ಹಾಗೆ ಉದುರಿಹೋಯ್ತು.

ಮಂಟೇಸ್ವಾಮಿ ಅದೇ ಕುರ್ಚಿಯಲ್ಲಿ ಕೂತಿದ್ದಾನೆ. ನಂಜಯ್ಯ ಈಗಲೂ ಮಳಿಗೆಯ ಮುಂದೆ ಹಾದು ಹೋಗ್ತಾನೆ, ತುಟಿ ಬಿಗಿಯಾಗಿ ಒತ್ತಿಕೊಂಡು, ಸ್ವಲ್ಪ ಬಿರುಸಾಗಿ. ಕೋಪ ಅಂತ ತಿಳಿಯದವರು ಅಂತಾರೆ. ಕಾಲು ನೋಡಿದರೆ ಗೊತ್ತಾಗ್ತದೆ, ತಾಳಕ್ಕೆ ಸರಿಯಾಗಿ ಬೀಳ್ತಿರ್ತದೆ.