ಮೀನಕ್ಕ ಮತ್ತೆ ನೀರಿಗಿಳಿದದ್ದು

ಈಜುಕೊಳದ ಮಕ್ಕಳು ಆಕೆಗೆ ಮೀನಕ್ಕ ಎಂದೇ ಹೆಸರಿಟ್ಟಿದ್ದರು. ಹನ್ನೊಂದು ವರ್ಷದಿಂದ ಅಲ್ಲಿ ಈಜು ಕಲಿಸುತ್ತಿದ್ದಳು. ನೀರು ಕಂಡರೆ ಅಮ್ಮನ ಕಾಲಿಗೆ ಜೋತುಬೀಳುವ ಪುಟಾಣಿಗಳೂ ಆಕೆಯ ಕೈಗೆ ಸಿಕ್ಕ ಮೂರೇ ವಾರದಲ್ಲಿ, ಸಾಕು ಬನ್ನಿ ಎಂದರೂ ಮೇಲೆ ಬರುತ್ತಿರಲಿಲ್ಲ.

ಅಂಥವಳ ಮೊಣಕೈಗಳ ಮೇಲೆ ಕೆಂಪು ಕಲೆಗಳೆದ್ದು, ಬೆಳ್ಳಗಿನ ಹೊಟ್ಟು ಉದುರತೊಡಗಿತು. ಔಷಧಿ ಅಂಗಡಿಯವನು ನೋಡಿದ್ದೇ ತಡ, ಗಜಕರ್ಣ ಎಂದು ಮುಲಾಮು ಕೊಟ್ಟ. ಹಚ್ಚಿದಾಗ ತಗ್ಗಿತು, ಬಿಟ್ಟಾಗ ದುಪ್ಪಟ್ಟಾಯಿತು. ಎರಡು ವರ್ಷ ಹೀಗೇ ನಡೆಯಿತು.

ಒಂದು ಬೆಳಿಗ್ಗೆ ಗ್ಯಾರೇಜು ನಡೆಸುವ ಒಬ್ಬ ತಂದೆ ಕೊಳದ ಮ್ಯಾನೇಜರ ಮುಂದೆ ಕೂಗಾಡಿದ: "ಆ ಹೆಂಗಸು ನೀರಿಗಿಳಿದ್ರೆ ನಮ್ಮ ಮಗಳು ಇಳಿಯಲ್ಲ. ಅಂಟಿಕೊಂಡ್ರೆ ಏನ್ರೀ ಗತಿ?"

ಮ್ಯಾನೇಜರು ಕೆಟ್ಟವರಲ್ಲ, ಪುಕ್ಕಲು. ಮರುದಿನದಿಂದಲೇ ಮೀನಕ್ಕನನ್ನು ಈಜಲು ಬಂದವರು ಬಟ್ಟೆ ಇಡುವ ಬೀರುಗಳ ಕೀಲಿ ಕೊಡುವ ಕಿಟಕಿಯಲ್ಲಿ ಕೂರಿಸಿದರು. ಸೆಕೆಗಾಲದಲ್ಲೂ ತುಂಬುತೋಳಿನ ಅಂಗಿ ತೊಟ್ಟು, ಪಕ್ಕದ ಕೊಳದಲ್ಲಿ ನೀರು ಚಿಮ್ಮುವ ಸದ್ದು ಕೇಳುತ್ತ ಆಕೆ ಕೀಲಿ ಎಣಿಸಿದಳು.

ಅಷ್ಟರಲ್ಲಿ ಉಗುರುಗಳೂ ಕೆಟ್ಟವು. ಸೂಜಿಯಿಂದ ಚುಚ್ಚಿದಂಥ ಸಣ್ಣ ಗುಳಿಗಳು. ಹೆಬ್ಬೆರಳಿನ ಉಗುರು ಹಳದಿಯಾಗಿ ತುದಿಯಿಂದ ಮೇಲೆದ್ದಿತು. ಅದನ್ನು ಕಂಡ ಅಕ್ಕ ಬಿಡಲಿಲ್ಲ. "ಮುಚ್ಚಿಟ್ಕೊಂಡ್ರೆ ವಾಸಿಯಾಗುತ್ತೇನೇ? ಮುಲಾಮು ಮಾರೋನು ಡಾಕ್ಟರಾ? ಎದ್ದೇಳು!" ಎಂದು ಚರ್ಮದ ಡಾಕ್ಟರ ಬಳಿಗೆ ದರದರನೆ ಎಳೆದುಕೊಂಡು ಹೋದಳು.

ಮೀನಕ್ಕ ಉಗುರು ಮಾತ್ರ ತೋರಿಸಿದಳು. ವಯಸ್ಸಾದ ಡಾಕ್ಟರಮ್ಮ ಕನ್ನಡಕ ಏರಿಸಿ, ಹತ್ತೂ ಬೆರಳುಗಳನ್ನು ಬೆಳಕಿಗೆ ಹಿಡಿದು ನೋಡಿ, "ಈಗ ಮೊಣಕೈ ತೋರ್ಸಮ್ಮ" ಎಂದರು.

ಮೀನಕ್ಕ ಅಂಗಿಯ ತೋಳನ್ನು ಬಿಗಿಹಿಡಿದಳು. "ನಾನು ಹೇಳೇ ಇಲ್ವಲ್ಲ ಡಾಕ್ಟ್ರೇ!"

"ನಿನ್ನ ಉಗುರು ಹೇಳ್ತು. ಇದು ಗಜಕರ್ಣ ಅಲ್ಲ, ಸೋರಿಯಾಸಿಸ್. ನಿನ್ನ ಮೈ ಹೊಸ ಚರ್ಮಾನ ಅವಸರ ಅವಸರವಾಗಿ ಮಾಡ್ತಿದೆ, ಅಷ್ಟೆ. ಮುಟ್ಟಿದ್ರೆ ಅಂಟಲ್ಲ, ನೀರಲ್ಲೂ ಹರಡಲ್ಲ. ಬುಡಸಮೇತ ಹೋಗುತ್ತೆ ಅಂತ ಸುಳ್ಳು ಹೇಳಲ್ಲ. ಆದ್ರೆ ಹದ್ದುಬಸ್ತಿನಲ್ಲಿ ಇಡಬಹುದು."

ಅಂಟಲ್ಲ ಎಂಬ ಮಾತಿಗೆ ಮೀನಕ್ಕ ಅಲ್ಲೇ ಅತ್ತುಬಿಟ್ಟಳು. ಅಕ್ಕ ಬೆನ್ನು ಸವರಿದಳು.

ಉಗುರಿನಲ್ಲಿ ಬೂಷ್ಟಿನ ಸೋಂಕಿದೆಯೇ ಎಂದು ತಿಳಿಯಲು ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು, ಇರಲಿಲ್ಲ. ಹಳೆಯ ಟ್ಯೂಬುಗಳು ಕಸದ ಬುಟ್ಟಿ ಸೇರಿದವು. ಬೇರೆ ಮುಲಾಮು ಬಂತು. ವಾರಕ್ಕೆ ಮೂರು ಸಲ ಆಸ್ಪತ್ರೆಯಲ್ಲಿ ಚರ್ಮಕ್ಕೆ ನೇರಳಾತೀತ ಬೆಳಕು ಹಾಯಿಸುವ ಆಳೆತ್ತರದ ಪೆಟ್ಟಿಗೆಯೊಳಗೆ ಕಪ್ಪು ಕನ್ನಡಕ ಹಾಕಿಕೊಂಡು ನಿಲ್ಲುತ್ತಿದ್ದಳು. ಸ್ನಾನವಾದ ಕೂಡಲೇ, ಮೈ ಇನ್ನೂ ಒದ್ದೆಯಿರುವಾಗಲೇ ದಪ್ಪಗೆ ಕ್ರೀಮು ಬಳಿಯಬೇಕು. ಉಗುರು ಗಿಡ್ಡವಾಗಿರಬೇಕು, ಅಡಿಯಲ್ಲಿ ಪಿನ್ನು ಹಾಕಿ ಕೆದಕಬಾರದು. ಮೂರು ತಿಂಗಳಲ್ಲಿ ಹೊಟ್ಟು ನಿಂತಿತು. ಉಗುರು ಮಾತ್ರ ಆಮೆಯ ಹಾಗೆ ಬೆಳೆಯಿತು.

ಉಗುರಿಗಾಗಿ ಆಕೆ ಕಾಯಲಿಲ್ಲ. ಇದು ಅಂಟುರೋಗವಲ್ಲ ಎಂಬ ಡಾಕ್ಟರ ಪತ್ರ ಹಿಡಿದು ಮ್ಯಾನೇಜರ ಮೇಜಿನ ಮುಂದೆ ನಿಂತಳು. ಅವರು ಗಂಟಲು ಸರಿಮಾಡಿಕೊಂಡು, "ನಂಗೇನೋ ಒಪ್ಪಿಗೆ. ಅಪ್ಪ-ಅಮ್ಮಂದಿರು..." ಎಂದು ರಾಗ ಎಳೆದರು.

"ಎಲ್ಲರನ್ನೂ ಕರೀರಿ ಸಾರ್. ನಾನೇ ಹೇಳ್ತೀನಿ."

ಭಾನುವಾರ ಬೆಳಿಗ್ಗೆ ಕೊಳದ ದಂಡೆಯಲ್ಲಿ ಇಪ್ಪತ್ತು ಮಂದಿ ಮಕ್ಕಳ ಸಮೇತ ಸೇರಿದರು. ಮೀನಕ್ಕ ತೋಳಿಲ್ಲದ ಈಜುಡುಗೆಯಲ್ಲೇ ಬಂದಳು. ಮೊಣಕೈಗಳನ್ನು ಎತ್ತಿ ಹಿಡಿದಳು. ತಿಳಿಗೆಂಪು ಗುರುತು ಇನ್ನೂ ಇತ್ತು. "ಇದರ ಹೆಸರು ಸೋರಿಯಾಸಿಸ್ ಅಂತ ಚರ್ಮದ ಡಾಕ್ಟರಮ್ಮ ಹೇಳಿದ್ರು. ಅಂಟೋದಿಲ್ಲ. ಅಂಟೋ ಹಾಗಿದ್ರೆ ಒಂದೇ ಟವೆಲ್ಲಿಗೆ ಜಗಳ ಆಡೋ ನಮ್ಮಕ್ಕನಿಗೆ ಮೊದಲು ಅಂಟ್ತಿತ್ತು!"

ನಕ್ಕವರ ನಡುವಿನಿಂದ ಒಬ್ಬ ಅಜ್ಜಿ ಮುಂದೆ ಬಂದು ತಲೆಯ ಬಟ್ಟೆ ಸರಿಸಿದರು. ಕೂದಲಂಚಿನಲ್ಲಿ ಅದೇ ಬಿಳಿ ಹೊಟ್ಟು. "ನಲವತ್ತು ವರ್ಷ ಮುಚ್ಕೊಂಡು ಓಡಾಡಿದೆ ಕಣಮ್ಮ. ಆ ಡಾಕ್ಟರು ಎಲ್ಲಿ ಕೂರ್ತಾರೆ?"

ಗ್ಯಾರೇಜಿನವನು ತಲೆ ಕೆರೆದುಕೊಳ್ಳುತ್ತ ಮಗಳ ಕೈ ಹಿಡಿದು ಬಂದ. "ತಪ್ಪಾಯ್ತು ಮೇಡಂ. ಇವಳನ್ನ ನಿಮ್ಮ ಸಾಲಿಗೇ ಹಾಕ್ಕೊಳ್ಳಿ."

"ಹಾಕ್ಕೋತೀನಿ. ಕಾಲು ಬಡಿಯುವಾಗ ನಿಮ್ಮ ಅಂಗಿ ಒದ್ದೆಯಾದ್ರೆ ಮಾತ್ರ ಕೂಗಾಡಬೇಡಿ!"

ಮೀನಕ್ಕ ದುಡುಮ್ಮನೆ ಧುಮುಕಿದಳು. ಒಂದೇ ಉಸಿರಿಗೆ ಕೊಳದ ಆ ತುದಿ ಮುಟ್ಟಿ ತಲೆಯೆತ್ತಿದಾಗ, ಮಕ್ಕಳೆಲ್ಲ ಸೀಟಿ ಊದುವುದಕ್ಕೂ ಕಾಯದೆ ಹಿಂದೆಯೇ ನೀರಿಗೆ ಹಾರಿದ್ದರು.