ಬಿಳಿ ಕರಡಿಯ ಫೋಟೋ

ಮಗಳು ಚರ್ಚಿನಲ್ಲಿ ಮೊದಲ ಸಲ ಪರಮಪ್ರಸಾದ ಸ್ವೀಕರಿಸುವ ದಿನಕ್ಕೆಂದು ಬಿಳಿ ಫ್ರಾಕಿಗೆ ಅಂಚು ಹೊಲಿಯುತ್ತಾ ಕೂತಿದ್ದಾಗ ಗಂಡನ ಫೋನು ಬಂತು. ಕುವೈತಿನ ಸುಲೈಬಿಯಾದ ಕೋಲ್ಡ್ ಸ್ಟೋರಿನಲ್ಲಿ ಅವರು ಸೂಪರ್‌ವೈಸರ್; ಅದರ ಧಣಿಯೇ ನಮ್ಮ ವೀಸಾದ ಹೊಣೆ ಹೊತ್ತ ಕಫೀಲ್. ಹೊರಗೆ ಬಿಸಿಲು ಸುಡುತ್ತಿರುವಾಗ ಒಳಗೆ ದಪ್ಪ ಜಾಕೆಟ್ ತೊಟ್ಟು ಕೋಳಿ, ಮೀನಿನ ಪೆಟ್ಟಿಗೆಗಳ ನಡುವೆ ಓಡಾಡುವ ಕೆಲಸ.

"ಕಫೀಲ್ ಮನೆಯವರು ಉತ್ತರ ಧ್ರುವದ ಹತ್ತಿರ ಹೋಗ್ತಾರಂತೆ ಮಾರಾಯ್ತಿ. ಸಣ್ಣ ಹಡಗು. ಬಿಳಿ ಕರಡಿ, ವಾಲ್ರಸ್ ಎಲ್ಲ ನೋಡ್ಲಿಕ್ಕೆ. ನಾನೂ ಹೋಗ್ಬೇಕಂತೆ."

"ನೀವು ಯಾಕೆ?"

"ಬಾಬಾನನ್ನು ನೋಡ್ಕೊಳ್ಲಿಕ್ಕೆ. ಡ್ರೈವರಿಗೆ ಚಳಿ ತಡೀಲಿಕ್ಕೆ ಆಗುದಿಲ್ಲ, ನೀನು ಫ್ರೀಜರಿನವ, ನಿನಗೇನು ಅಂದ್ರು."

ಬಾಬಾ ಎಂದರೆ ಕಫೀಲನ ವಯಸ್ಸಾದ ತಂದೆ; ಮೊಣಕಾಲು ಮಡಚಲು ಬರುವುದಿಲ್ಲ. ಯಾವಾಗ ಎಂದು ಕೇಳಿದೆ. ಪರಮಪ್ರಸಾದದ ಶುಕ್ರವಾರ ಅವರು ಸಮುದ್ರದ ಮಧ್ಯೆ ಇರುತ್ತಾರೆ.

"ಆಗುದಿಲ್ಲ ಅಂತ ಹೇಳಿ."

ಇಲ್ಲಿ ವಾಸಿಸಲು ಬೇಕಾದ ಪರವಾನಗಿ, ನಮ್ಮ ಇಕಾಮಾ, ಮುಗಿಯುತ್ತಾ ಬಂದಿತ್ತು, ಅದಕ್ಕೆ ಸಹಿ ಹಾಕಬೇಕಾದವನು ಕಫೀಲನೇ. ಕೊನೆಗೆ ನಾನೇ "ಹೋಗಿ ಬನ್ನಿ" ಅಂದೆ.

ಮಗಳು ಅಳಲಿಲ್ಲ, ಚೌಕಾಸಿ ಮಾಡಿದಳು. "ಓಕೆ ಡ್ಯಾಡಿ. ಬಟ್ ಐ ವಾಂಟ್ ಅ ಪೋಲಾರ್ ಬೇರ್ ಫೋಟೋ. ನೀವೇ ತೆಗೀಬೇಕು. ಪ್ರಾಮಿಸ್?"

"ಪ್ರಾಮಿಸ್" ಎಂದರು. ಹೊರಡುವ ದಿನ ಅವರ ಫ್ರೀಜರ್ ಜಾಕೆಟಿನ ಒಳಗೆ ಮಾತೆ ಮರಿಯಳ ಪದಕವೊಂದನ್ನು ಪಿನ್ನು ಹಾಕಿ ಸಿಕ್ಕಿಸಿದೆ. ನೀರಿನ ಮೇಲೆ ಹೋಗುವವರು.

ಕುವೈತಿನಲ್ಲಿ ನಮಗೆ ಶುಕ್ರವಾರವೇ ಭಾನುವಾರ. ಇಗರ್ಜಿಯಲ್ಲಿ ಪ್ರತಿ ಮಗುವಿನ ಮೇಣದಬತ್ತಿಯನ್ನು ತಂದೆ ಹಚ್ಚಿಕೊಡಬೇಕೆಂದು ರಿಹರ್ಸಲ್ ಮಾಡಿಸಿದ್ದರು. ಆ ದಿನ ನಮ್ಮದನ್ನು ನಾನು ಹಚ್ಚಿದೆ. ಪಕ್ಕದ ಫ್ಲ್ಯಾಟಿನಾಕೆ ಬಗ್ಗಿ, "ಐಸ್ ನೋಡ್ಲಿಕ್ಕೆ ಹೋದದ್ದಾ ನಿಮ್ಮವರು? ದಿನಾ ನೋಡಿ ಸಾಕಾಗ್ಲಿಲ್ವಾ?" ಎಂದು ನಕ್ಕಳು. ನಾನೂ ನಕ್ಕೆ. ಬತ್ತಿ ಆರಲಿಲ್ಲ, ಫ್ರಾಕಿನ ಮೇಲೆ ಮೇಣ ಬೀಳಲಿಲ್ಲ. ಅಷ್ಟಕ್ಕೆ ದೇವರಿಗೆ ಸ್ತೋತ್ರ.

ಅವರು ಹಿಂದಿರುಗಿದ ಸಂಜೆ ಚಹಾ ಕೊಟ್ಟು ಎದುರು ಕೂತೆ.

"ಪ್ರಾಣಿ ನೋಡ್ಲಿಕ್ಕೆ ಹಡಗಿಂದ ರಬ್ಬರ್ ದೋಣಿಗೆ ಇಳೀಬೇಕು. ತಾನೇ ಇಳೀಲಿಕ್ಕೆ ಆಗದವರನ್ನು ಹಡಗಿನವ್ರು ಬಿಡುದಿಲ್ಲ. ಈ ವಿಷಯ ಕಫೀಲ್ ಮನೆಯಲ್ಲಿ ಯಾರೂ ಮೊದ್ಲು ಕೇಳಿಯೇ ಇಲ್ಲ. ಬಾಬಾ ಉಳಿದ್ರು. ನಾನೂ ಉಳಿದೆ."

"ಒಂದು ದಿನವೂ ಇಳೀಲಿಲ್ವಾ?"

"ಎಲ್ಲಿ! ಅವ್ರು ಕರಡಿ ನೋಡುವಾಗ ನಾನು ಬಾಬಾನ ಕಾಲಿಗೆ ಎಣ್ಣೆ ತಿಕ್ತಿದ್ದೆ. ನಮ್ಮ ಕಿಟಕಿ ಇದ್ದದ್ದು ಆಚೆ ಬದಿಗೆ. ಬರೀ ನೀರು."

"ಚಳಿ?"

"ಎಂತ ಚಳಿ ಮಾರಾಯ್ತಿ, ನಮ್ಮ ಫ್ರೀಜರಿನಷ್ಟೂ ಇಲ್ಲ. ಜಾಕೆಟ್ ಬ್ಯಾಗಿಂದ ತೆಗೀಲೇ ಇಲ್ಲ."

ಅಷ್ಟರಲ್ಲಿ ಮಗಳು ಟ್ಯೂಷನ್ನಿನಿಂದ ಬಂದಳು. ಬ್ಯಾಗನ್ನೂ ಇಳಿಸದೆ ಕೈ ಚಾಚಿದಳು. ಅವರು ಫೋನು ಕೊಟ್ಟರು. ಹಿಮದ ಹಲಗೆಯ ಮೇಲೆ ಕರಡಿಯೊಂದು ತಲೆ ತಿರುಗಿಸಿ ನೋಡುತ್ತಿತ್ತು. ಚಂದದ ಚಿತ್ರ.

"ವಾವ್! ಡಿಡ್ ಯು ಟೇಕ್ ದಿಸ್?"

ಅವರು ನನ್ನ ಮುಖ ನೋಡಿದರು. ಹೌದು ಎಂದಿದ್ದರೆ ನಾನು ಬಾಯಿ ಬಿಡುತ್ತಿರಲಿಲ್ಲ, ದೇವರು ಕ್ಷಮಿಸಲಿ.

"ಇಲ್ಲ ಮಗಾ. ಕಫೀಲನ ಮಗ ಕಳ್ಸಿದ್ದು. ಡ್ಯಾಡಿಗೆ ಕರಡಿ ಸಿಗ್ಲಿಲ್ಲ."

"ಓಕೆ." ಫೋನನ್ನು ಸೋಫಾದ ಮೇಲಿಟ್ಟು ಕೋಣೆಗೆ ಹೋದಳು. ಬಾಗಿಲನ್ನು ಮೆಲ್ಲಗೇ ಹಾಕಿಕೊಂಡಳು. ದಡಾರನೆ ಹಾಕಿದ್ದರೆ ಎಷ್ಟೋ ಚೆನ್ನಾಗಿತ್ತು.

ಗಂಡ ಸುಖವಾಗಿ ಬಂದರು, ಇಕಾಮಾಕ್ಕೆ ಕಫೀಲನ ಸಹಿ ಬಿತ್ತು, ಮಗಳಿಗೆ ಸುಳ್ಳು ಹೇಳಲಿಲ್ಲ. ಇವೆಲ್ಲವನ್ನೂ ಆ ದಿನ ಪ್ರಾರ್ಥನೆಯಲ್ಲಿ ದೇವರ ಮುಂದೆ ಹೇಳಿದೆ. ಹೇಳಿದೆ ಅಷ್ಟೇ, ಮನಸ್ಸು ಮಾತ್ರ ಕಹಿಯಾಗಿಯೇ ಇತ್ತು.

"ಜಾಕೆಟ್ ತೆಗೆದಿಡು. ಬೆಳಿಗ್ಗೆ ಡ್ಯೂಟಿ" ಎಂದರು.

ಬ್ಯಾಗಿನಿಂದ ತೆಗೆದೆ. ಪದಕ ನಾನು ಸಿಕ್ಕಿಸಿದಲ್ಲೇ ಇತ್ತು. ಕಂಕುಳಿನ ಹೊಲಿಗೆ ಬಿಟ್ಟಿತ್ತು, ಕಪ್ಪು ನೂಲು ಮುಗಿದಿತ್ತು. ಫ್ರಾಕಿಗೆಂದು ತಂದಿದ್ದ ಬಿಳಿ ನೂಲನ್ನೇ ಸೂಜಿಗೆ ಪೋಣಿಸಿ ಹೊಲಿಯಲು ಕೂತೆ.