ಡ್ರಮ್ಸ್‌ನಲ್ಲಿ ಪೀರ್ ಪಾಷಾ

ಬೆಳಗಿನ ಆರು ಗಂಟೆ. ಕೊಟ್ಟಿಗೆಹಾರದ ತಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಪೀರ್ ಪಾಷಾ ಡ್ರಮ್ಸ್ ಮುಂದೆ ಕೂತಿದ್ದಾರೆ. ಅಕ್ಕಪಕ್ಕದವರ ನಿದ್ದೆ ಕೆಡಬಾರದೆಂದು ಡ್ರಮ್ಮುಗಳಿಗೆ ಹಳೇ ಟವೆಲ್ ಹೊದಿಸಿದ್ದಾರೆ. ವಯಸ್ಸು ಅರವತ್ತೆರಡು. ದಿನಕ್ಕೆ ಎರಡು ಗಂಟೆಯ ಈ ಅಭ್ಯಾಸವನ್ನು ಅವರು ಜ್ವರ ಬಂದರೂ ಬಿಡುವುದಿಲ್ಲ.

ಮೂಡಿಗೆರೆ, ಚಿಕ್ಕಮಗಳೂರು ಕಡೆಯ ಕ್ಲಬ್ಬು, ರೆಸಾರ್ಟುಗಳಲ್ಲಿ ಜಾಝ್ ಕೇಳಿದವರೆಲ್ಲ ಇವರ ಕೈಚಳಕ ಕೇಳಿದ್ದಾರೆ. ಹೆಸರು ಕೇಳಿದವರು ಮಾತ್ರ ಸಿಗುವುದಿಲ್ಲ. ಎಸ್ಟೇಟ್ ಜೀಪುಗಳ ರಿಪೇರಿ ಬಿಟ್ಟು ಡ್ರಮ್ಸ್ ಹಿಡಿದವರು, ನಲವತ್ತೊಂದು ವರ್ಷದಿಂದ ಬೇರೆಯವರ ಬ್ಯಾಂಡಿನ ಹಿಂದೆ ಕೂತು ನುಡಿಸುತ್ತಿದ್ದಾರೆ. ಹಾಡುಗಾರರಿಗೆ ಕ್ಲಬ್ಬಿನ ಮುಂಬಾಗಿಲು, ಇವರಿಗೆ ಅಡುಗೆಮನೆಯ ಬಾಗಿಲು. ಕೇಳಿದರೆ ಕ್ಲಬ್ಬಿನವರು, ‘ಸಾಮಾನು ಬರೋ ದಾರಿ ಅದೇ’ ಎನ್ನುತ್ತಾರಂತೆ. ಸಾಮಾನು ಹೊತ್ತ ಮನುಷ್ಯನೂ ಸಾಮಾನೇ?

ಹೋದ ವರ್ಷ ಪಾಷಾ ನುಡಿಸುತ್ತಿದ್ದ ಬ್ಯಾಂಡಿನ ಮೊದಲ ಆಲ್ಬಂ ಬಂತು. ನುಡಿಸಿದವರು ಐದು ಜನ, ಕವರಿನ ಮೇಲೆ ನಾಲ್ಕೇ ಹೆಸರು. ಬ್ಯಾಂಡಿನ ಯಜಮಾನ, ಪಿಯಾನೋ ನುಡಿಸುವ ಧರ್ಮೇಶ್, ಜಾಗ ಸಾಲಲಿಲ್ಲ ಎಂದರಂತೆ.

“ಅವ್ರ ನಾಯಿ ಫೋಟೋ ಹಾಕಕ್ಕೆ ಜಾಗ ಇತ್ತಲ್ಲ!” ಎಂದು ಒಳಗಿನಿಂದಲೇ ಸಿಡುಕುತ್ತಾರೆ ಪಾಷಾ ಅವರ ಹೆಂಡತಿ ಕುಬ್ರಾ. ಕವರ್ ತಂದು ನನ್ನ ಕೈಗೇ ಕೊಡುತ್ತಾರೆ. ಹೌದು, ನಾಯಿ ಇದೆ.

ಆಲ್ಬಂ ಬಿಡುಗಡೆ ಮೂಡಿಗೆರೆ ಹತ್ತಿರದ ರೆಸಾರ್ಟಿನಲ್ಲಿ, ಒಂದು ಮಧ್ಯಾಹ್ನ. ಧರ್ಮೇಶ್ ಮೈಕಿನಲ್ಲಿ ಉಳಿದ ನಾಲ್ವರಲ್ಲಿ ಮೂವರ ಪರಿಚಯ ಮಾಡಿ ಪಿಯಾನೋಗೆ ಕೂತರು. ಮೊದಲ ಹಾಡು ಶುರುವಾಗುವುದೇ ಡ್ರಮ್ಸ್‌ನಿಂದ. ಪಾಷಾ ಕೋಲುಗಳನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತರು.

“ಶುರು ಮಾಡು ಮಾರಾಯ,” ಎಂದರು ಧರ್ಮೇಶ್.

“ಇನ್ನೊಬ್ರ ಹೆಸ್ರು ಬಾಕಿ ಇದೆ.”

“ಇವತ್ತಿಗೆ ಈ ಬ್ಯಾಂಡು ಮುಗೀತು ಅಂತ ಗೊತ್ತಾಗಿತ್ತು,” ಎನ್ನುತ್ತಾರೆ ಪಾಷಾ. “ಆದ್ರೂ ಕೋಲು ಎತ್ಲಿಲ್ಲ.”

ಕೊನೆಗೆ ಧರ್ಮೇಶ್ ಮತ್ತೆ ಮೈಕ್ ಹಿಡಿಯಲೇಬೇಕಾಯಿತು. ‘ಡ್ರಮ್ಸ್‌ನಲ್ಲಿ ಪೀರ್ ಪಾಷಾ.’ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಮುಂದಿನ ವಾರವೇ ಬ್ಯಾಂಡಿಗೆ ಬೇರೆ ಡ್ರಮ್ಮರ್ ಬಂದ. ಪಾಷಾಗೆ ಅಹಂಕಾರ ಹೆಚ್ಚಾಗಿದೆ ಎಂದು ಕ್ಲಬ್ಬುಗಳಲ್ಲಿ ಸುದ್ದಿ ಹಬ್ಬಿತು. ನಲವತ್ತೊಂದು ವರ್ಷಕ್ಕೆ ಒಮ್ಮೆ ತನ್ನ ಹೆಸರು ಕೇಳಿದ್ದು ಅಹಂಕಾರವಂತೆ! ಈಗ ವಸ್ತಾರೆಯ ಸ್ವಾತಿ ಎಂಬ ಹಾಡುಗಾರ್ತಿ ತಮ್ಮ ಪುಟ್ಟ ತಂಡಕ್ಕೆ ಕರೆದಿದ್ದಾರೆ. ತಿಂಗಳಿಗೊಂದು ಕಾರ್ಯಕ್ರಮ ಸಿಕ್ಕರೆ ಹೆಚ್ಚು.

ಬೇಜಾರಿಲ್ಲವೇ ಎಂದು ಕೇಳುತ್ತೇನೆ.

“ಇದೆ, ಇಲ್ಲ ಅಂದ್ರೆ ಸುಳ್ಳಾಗುತ್ತೆ,” ಎನ್ನುತ್ತಾರೆ ಪಾಷಾ. “ಆದ್ರೆ ಹೆಸ್ರು ಕರೆದ ಮೇಲೆ ಅವತ್ತು ನುಡಿಸಿದ್ನಲ್ಲ, ಹಂಗೆ ನಾನು ಜನ್ಮದಲ್ಲೇ ನುಡಿಸಿರ್ಲಿಲ್ಲ.”